ಗುಜರಿ ತಕ್ಕಡಿಯ ಮೇಲೆ ಸ್ಕೌಟು ಮಕ್ಕಳು

ಚಳಿ ಬರಲೋ ಬೇಡವೋ ಎಂದು ಬೀದಿ ತುದಿಯಲ್ಲಿ ನಿಂತು ಯೋಚಿಸುತ್ತಿದ್ದ ಕಾಲ. ಮಧ್ಯಾಹ್ನದ ಊಟವಾಗಿ ಕಣ್ಣು ಎಳೆಯುವ ಹೊತ್ತು. ನನ್ನ ಗುಜರಿ ಅಂಗಡಿಗೆ ಆ ಹೊತ್ತಿನಲ್ಲಿ ನರಪಿಳ್ಳೆಯೂ ಬರುವುದಿಲ್ಲ. ಹಳೇ ಪೇಪರಿನ ಕಟ್ಟಿಗೆ ಬೆನ್ನು ಕೊಟ್ಟು ಕೂತಿದ್ದೆ. ಧಡ್ ಅಂತ ಸದ್ದಾಯಿತು. ಕಣ್ಣು ಬಿಟ್ಟರೆ ನನ್ನ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಒಂದು ಬೆನ್ನುಚೀಲ, ಅದರ ಹಿಂದೆ ಏದುಸಿರು ಬಿಡುತ್ತಾ ನಮ್ಮಳಿಯ.

"ಮಾವ, ಇದೆಷ್ಟು ತೂಗುತ್ತೆ ನೋಡಿ."

ಮುಳ್ಳು ಓಡಿ ಹೋಗಿ ನಿಂತ ಜಾಗ ನೋಡಿ ನನ್ನ ನಿದ್ದೆ ಹಾರಿಹೋಯಿತು. ಕೈ ಅಭ್ಯಾಸದಂತೆ ಚೀಲವನ್ನು ತಟ್ಟಿ ನೋಡಿತು. "ಒಳಗೇನು, ಹಿತ್ತಾಳೆಯೋ ತಾಮ್ರವೋ?" ಅಂದೆ.

"ಬೇಕರಿಯವರ ಮಗಳು ಮಾವ. ಅಂದರೆ ಮಗಳ ಸಾಮಾನು. ಬೆಟ್ಟಕ್ಕೆ."

ಬಿಚ್ಚಿ ನೋಡಿದೆವು. ಯೂನಿಫಾರಂ ಸುಕ್ಕಾಗಬಾರದು ಅಂತ ಇಸ್ತ್ರಿಪೆಟ್ಟಿಗೆ. ಕೂರುವುದಕ್ಕೆ ಮಡಿಚುವ ಸ್ಟೂಲು. ದಿಂಬು ಎರಡು, ಒಂದು ತಲೆಗೆ, ಒಂದು ಕಾಲಿಗೆ. ಗಾಜಿನ ಬಾಟಲಿ ತುಂಬ ಜಾಮು. ಎಲ್ಲದರ ಕೆಳಗೆ ಟವೆಲಿನಲ್ಲಿ ಸುತ್ತಿದ ಒಂದು ಟೇಬಲ್ ಫ್ಯಾನು.

"ಫ್ಯಾನು ಯಾಕೆ?"

"ಬೆಟ್ಟದ ಮೇಲೆ ಗಾಳಿ ಆಡದೇ ಇದ್ದರೆ ಏನು ಗತಿ ಅಂದರು ಅವರಮ್ಮ."

ನಮ್ಮಳಿಯ ಇದಕ್ಕೆ ಹೇಗೆ ಸಿಕ್ಕಿಕೊಂಡ ಅನ್ನುವುದನ್ನು ಮೊದಲು ಹೇಳಬೇಕು. ನಮ್ಮ ಬೀದಿಯ ಶಾಲೆಯಲ್ಲಿ ಎಂಟು ಮಕ್ಕಳ ಒಂದು ಸ್ಕೌಟು ದಳ ಇತ್ತು. ಅದರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಅವಳು ಎಷ್ಟು ತೆಳ್ಳಗೆ ಅಂದರೆ ಊರೆಲ್ಲ ಕಡ್ಡಿ ಅಂತಲೇ ಕರೆಯುವುದು. ಸ್ಕೌಟು ಮೇಷ್ಟ್ರಿಗೆ ದೂರಕ್ಕೆ ವರ್ಗವಾಯಿತು. ದಳಕ್ಕೆ ಮಾಲೀಕರಿಲ್ಲ. ಹೆಡ್ ಮೇಡಂ ಅಪ್ಪ ಅಮ್ಮಂದಿರನ್ನೆಲ್ಲ ಕರೆದು ಕೂರಿಸಿ ಹೇಳಿದರು: "ಚಳಿ ಜೋರಾಗೋದರೊಳಗೆ ಮಕ್ಕಳು ಒಂದು ಸಲ ಬೆಟ್ಟ ಹತ್ತಿ ಒಂದು ರಾತ್ರಿ ಇದ್ದು ಬರಬೇಕು. ಇಲ್ಲದಿದ್ದರೆ ದಳ ಮುಚ್ಚಿ ಅಂತ ಮೇಲಿನಿಂದ ಹೇಳಿದಾರೆ. ರೂಮು ಡ್ರಮ್ಮು ಕಲಿಸೋರಿಗೆ ಹೋಗುತ್ತೆ. ಯಾರು ಕರ್ಕೊಂಡು ಹೋಗ್ತೀರಿ?"

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಮ್ಮಳಿಯ ಕೈ ಎತ್ತಿದ.

"ಬೆಟ್ಟ ಹತ್ತಿ ಅನುಭವ ಇದೆಯಾ?"

"ಮೇಡಂ, ಹದಿನಾರು ವರ್ಷದಿಂದ ಮೇಲೆ ಹತ್ತೋದೇ ನನ್ನ ಕೆಲಸ."

ಇದು ಸುಳ್ಳಲ್ಲ. ಅವನು ಪೇಟೆಯ ಏಳು ಮಹಡಿಯ ದೊಡ್ಡ ಅಂಗಡಿಯಲ್ಲಿ ಲಿಫ್ಟು ನಡೆಸುವವನು. ಆದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ನೋಡೋಕೆ ಹಾಗೆ ಕಾಣಲ್ಲ ಪಾಪ," ಅಂದರು. ಅವತ್ತೇ ಸಂಜೆಯಿಂದ ಬೀದಿಯವರು ಅವನನ್ನು ಕ್ಯಾಪ್ಟನ್ ಅಂತ ಕರೆಯತೊಡಗಿದರು.

ಮನೆಗೆ ಬರುವ ದಾರಿಯಲ್ಲಿ ನಾನು ಮೆತ್ತಗೆ ಕೇಳಿದೆ. ಅಳಿಯನ ಹತ್ತಿರ ಗಟ್ಟಿಯಾಗಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. "ಲಿಫ್ಟು ಅಂತ ಒಂದು ಮಾತು ಹೇಳಬಹುದಿತ್ತಲ್ಲ?"

"ಅವರು ಕೇಳಲಿಲ್ಲವಲ್ಲ ಮಾವ." ಸ್ವಲ್ಪ ದೂರ ನಡೆದು ಮತ್ತೆ ಅಂದ: "ದಿನಾ ಮೇಲೆ ಹೋಗ್ತೀನಿ. ಬಾಗಿಲು ತೆಗೀತೀನಿ, ಜನ ಇಳೀತಾರೆ, ಬಾಗಿಲು ಹಾಕ್ತೀನಿ. ಮೇಲೆ ಏನಿದೆ ಅಂತ ನಾನು ಒಂದು ಸಲಾನೂ ಇಳಿದು ನೋಡಿಲ್ಲ. ಎಲ್ಲಾದರೂ ಒಂದು ಕಡೆ, ಮೇಲೆ ಹೋಗಿ, ನಾನೂ ಇಳೀಬೇಕು ಮಾವ."

ಮನೆ ಬಂದಾಗ ಬಾಗಿಲು ನಾನೇ ತೆಗೆದು ಅವನನ್ನು ಮೊದಲು ಒಳಗೆ ಬಿಟ್ಟೆ.

ಬೇಕರಿಯಾಕೆಯ ಫ್ಯಾನು ನೋಡಿದ ಮೇಲೆ ಕ್ಯಾಪ್ಟನ್ನಿಗೆ ಕಾನೂನು ಬೇಕು ಅನ್ನಿಸಿತು. ಹಳೇ ಮೇಷ್ಟ್ರು ಬಿಟ್ಟುಹೋದ ಸ್ಕೌಟು ಪುಸ್ತಕ ತೆಗೆದು ಓದಿದ. ಮಾರನೇ ಸಂಜೆ ತಾಯಂದಿರನ್ನೆಲ್ಲ ನನ್ನ ಅಂಗಡಿ ಮುಂದೆ ಸೇರಿಸಿದ. ಬೀದಿಯಲ್ಲಿ ಮನುಷ್ಯರನ್ನು ಹೊರುವಂಥ ತಕ್ಕಡಿ ಇರುವುದು ನನ್ನ ಹತ್ತಿರ ಮಾತ್ರ. ಒಂದು ಹಳೇ ಡಬ್ಬದ ಮೇಲೆ ಹತ್ತಿ ನಿಂತು ಸಾರಿದ:

"ಕೇಳಿ. ಬ್ಯಾಗಿನ ತೂಕ ಅದನ್ನ ಹೊರೋರ ತೂಕದ ಐದರಲ್ಲಿ ಒಂದು ಪಾಲು. ಅದಕ್ಕಿಂತ ಒಂದು ಬಿಸ್ಕತ್ತೂ ಹೆಚ್ಚು ಇರಕೂಡದು."

ಮಕ್ಕಳನ್ನು ತೂಗಿದೆವು, ಚೀಲಗಳನ್ನು ತೂಗಿದೆವು. ಎಲ್ಲ ಚೀಲವೂ ಹೆಚ್ಚು. ನಮ್ಮ ಕಡ್ಡಿಯ ಪಾಲಿಗೆ ಬಂದದ್ದು ಒಂದು ಕಂಬಳಿ, ಒಂದು ತಟ್ಟೆ, ಒಂದು ಚಮಚ, ಚಮಚ ಅನುಮಾನ. ತಾಯಂದಿರು ಚೀಲದ ಮುಂದೆ ಕೂತರು. ಏನು ತೆಗೆಯುವುದು? ದಿಂಬು ತೆಗೆದರೆ ಕತ್ತು ನೋವು, ಸ್ವೆಟರು ತೆಗೆದರೆ ನೆಗಡಿ, ಮೊಟ್ಟೆ ತೆಗೆದರೆ ಮಗು ಸೊರಗುತ್ತೆ. ಆಗ ಬೇಕರಿಯಾಕೆ ಎದ್ದು ನಿಂತರು. ಅವರು ಎದ್ದು ನಿಂತರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ, ಅಂಥ ಆಳು.

"ಕ್ಯಾಪ್ಟನ್, ಒಂದು ಸಂದೇಹ. ಮಗು ತೂಕ ಜಾಸ್ತಿ ಆದರೆ ಬ್ಯಾಗಿನ ಪಾಲೂ ಜಾಸ್ತಿ ಆಗುತ್ತಲ್ವಾ?"

ನಮ್ಮಳಿಯ ಆಕಾಶ ನೋಡಿ ಬೆರಳು ಮಡಿಚಿ ಲೆಕ್ಕ ಹಾಕಿದ. ಆ ಹೊತ್ತಿನಲ್ಲಿ ಅವನು ಕೆಮ್ಮಿದ್ದರೂ ಸಾಕಿತ್ತು, ಒಂದು ಊರು ಉಳಿಯುತ್ತಿತ್ತು. ಅವನು ಹೇಳಿದ್ದು ಇಷ್ಟು: "ಲೆಕ್ಕದ ಪ್ರಕಾರ ಸರಿ."

ಅಷ್ಟೇ. ಚೀಲ ಇಳಿಸುವ ಮಾತು ಅಲ್ಲಿಗೆ ನಿಂತಿತು. ಮಕ್ಕಳನ್ನು ಏರಿಸುವ ಕೆಲಸ ಶುರುವಾಯಿತು.

ಮಾರನೇ ಬೆಳಗ್ಗೆಯಿಂದ ನಮ್ಮ ಬೀದಿಯಲ್ಲಿ ಬೆಣ್ಣೆ ಸಿಗಲಿಲ್ಲ. ಮೊಟ್ಟೆ ಸಿಗಲಿಲ್ಲ. ಶಾಲೆಗೆ ಹೊರಟ ಮಕ್ಕಳ ಬಾಯಲ್ಲಿ ಬನ್ನು, ಬಂದ ಮಕ್ಕಳ ಬಾಯಲ್ಲಿ ಬಾಳೆಹಣ್ಣು, ಮಲಗುವ ಮುಂಚೆ ಲೋಟ ತುಂಬ ಹಾಲು. ಸಂಜೆಯಾದರೆ ನನ್ನ ಅಂಗಡಿ ಮುಂದೆ ಸಾಲು. ಕಬ್ಬಿಣ ತಂದವನು ಹಿಂದೆ ನಿಲ್ಲಬೇಕು, ಮಕ್ಕಳು ಮೊದಲು.

"ನಿಮ್ಮೋನು ಎಷ್ಟಾದ?"

"ಒಂದೂವರೆ ಏರಿದ. ನಿಮ್ಮೋಳು?"

"ಅಯ್ಯೋ, ಇವಳಿಗೆ ಮೈ ಹತ್ತೋದೇ ಇಲ್ಲ ಕಣ್ರೀ. ನಿನ್ನೆ ಬಿಕ್ಕಳಿಸಿ ಬಿಕ್ಕಳಿಸಿ ಕಾಲು ಕಿಲೋ ಇಳಿದುಬಿಟ್ಳು."

ದರ್ಜಿಯ ಮಗ ಒಂದೇ ದಿನದಲ್ಲಿ ಮೂರು ಕಿಲೋ ಏರಿದಾಗ ಅವರಮ್ಮ ದೃಷ್ಟಿಯಾದೀತು ಅಂತ ಸೆರಗು ಮುಚ್ಚಿದರು. ನನಗೆ ಮಾತ್ರ ತಕ್ಕಡಿಯಿಂದ ಇಳಿಯುವಾಗ ಅವನ ಕಾಲಿನಿಂದ ಬಂದ ಸದ್ದು ಪರಿಚಯದ್ದು ಅನ್ನಿಸಿತು. ಕಾಲುಚೀಲ ತೆಗೆಸಿ ನೋಡಿದರೆ ನನ್ನ ಅಂಗಡಿಯದೇ ನಟ್ಟು ಬೋಲ್ಟು. "ಅಮ್ಮ ಖುಷಿಯಾಗಿರಲಿ ಅಂತ ತಾತ," ಅಂದ. ಅವರಮ್ಮನಿಗೆ ಕಾಣದ ಹಾಗೆ ಅವನ್ನು ಮತ್ತೆ ಡಬ್ಬಕ್ಕೆ ಹಾಕಿದೆ.

ನಮ್ಮ ಮನೆಯಲ್ಲಿ ನನ್ನ ಮಗಳು ಕಡ್ಡಿಯನ್ನು ಗೋಡೆಗೆ ಒರಗಿಸಿ ತಿನ್ನಿಸುತ್ತಿದ್ದಳು. ಹುಡುಗಿ ಎಲ್ಲ ತಿಂದಳು, ಎಷ್ಟು ಕೊಟ್ಟರೂ ತಿಂದಳು, ಮುಳ್ಳು ಮಾತ್ರ ಕದಲಲಿಲ್ಲ.

"ಅಪ್ಪ, ನಿಮ್ಮ ತಕ್ಕಡಿ ಕೆಟ್ಟಿದೆ," ಅಂದಳು ಮಗಳು.

"ತಕ್ಕಡಿ ಸರಿ ಇದೆಯಮ್ಮ."

"ಹಾಗಾದರೆ ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೆ?"

ಇದು ನನಗೂ ಕುತೂಹಲದ ವಿಷಯವಾಗಿತ್ತು. ಕಡ್ಡಿಯನ್ನೇ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಓಡಾಡುವಾಗ ಉದುರುತ್ತೆ ತಾತ," ಅಂದಳು.

ಮಗಳು ಗಂಡನ ಕಡೆ ತಿರುಗಿದಳು. "ರೀ, ನೀವು ಹೇಳಿದ ಒಂದು ಮಾತಿಗೆ ಇಡೀ ಬೀದಿ ಉಬ್ಬಿಹೋಗ್ತಿದೆ. ಸಾಕು ಅಂತ ಹೇಳಬಾರದಾ?"

"ಹೇಗೆ ಹೇಳಲಿ? ಲೆಕ್ಕ ಸರಿ ಇದೆಯಲ್ಲ!"

ಪಾಪ, ಅವನು ಮಾತ್ರ ಇಳಿಯುತ್ತಿದ್ದ. ಬೆಳಗ್ಗೆ ಟೆಂಟು ಎರವಲು ಕೇಳಲು ಓಡುವುದು, ಸಂಜೆ ಹಗ್ಗ ಕೇಳಲು ಓಡುವುದು, ನಡುವೆ ಕೆಲಸ. ಊಟಕ್ಕೆ ಕೂತರೆ ಯಾರೋ ತಾಯಿ ಬಂದು ಸಂದೇಹ ಕೇಳುತ್ತಿದ್ದರು. ಬೆಲ್ಟಿಗೆ ನಾನೇ ಒಂದು ಹೊಸ ತೂತು ಹೊಡೆದುಕೊಟ್ಟೆ.

ನನ್ನ ಅಂಗಡಿ ಎದುರಿನ ಮಹಡಿಯಲ್ಲಿ ಕೆಲಸದಿಂದ ನಿವೃತ್ತರಾದ ಒಬ್ಬ ಕೋರ್ಟು ಗುಮಾಸ್ತರು ಇದ್ದರು. ಹೊಸದಾಗಿ ಬಂದವರು, ಯಾರೊಡನೆಯೂ ಮಾತಿಲ್ಲ. ಕಿಟಕಿಯಲ್ಲಿ ಕೂತು ಬೀದಿ ನೋಡುವುದೇ ಕೆಲಸ. ಅವರ ಕಣ್ಣಿಗೆ ಏನು ಕಂಡಿತು ಹೇಳಿ? ಗುಜರಿ ಅಂಗಡಿ. ಸಂಜೆ ಹೊತ್ತು ಸಾಲಾಗಿ ಮಕ್ಕಳು. ಒಬ್ಬ ಮುದುಕ ಒಬ್ಬೊಬ್ಬರನ್ನೇ ತೂಗುತ್ತಾನೆ, ಒಬ್ಬ ಬಡಕಲು ಮನುಷ್ಯ ತಲೆಯಾಡಿಸುತ್ತಾನೆ, ಹೆಂಗಸರು ಚೌಕಾಸಿ ಮಾಡುತ್ತಾರೆ. ದಿನದಿಂದ ದಿನಕ್ಕೆ ಮಕ್ಕಳು ದಪ್ಪಗಾಗುತ್ತಿದ್ದಾರೆ.

ಮಾರನೇ ದಿನವೇ ಕಾನ್‌ಸ್ಟೇಬಲ್ಲು ಬಂದ. ಕೆಲಸಕ್ಕೆ ಸೇರಿ ಇನ್ನೂ ಬಟ್ಟೆಯ ಗಂಜಿ ಹೋಗಿಲ್ಲದವನು.

"ತಾತ, ನಿಮ್ಮ ಅಂಗಡಿ ಮೇಲೆ ದೂರು ಬಂದಿದೆ. ಇಲ್ಲಿ ಮಕ್ಕಳನ್ನ ತೂಗ್ತಾರಂತೆ. ಹೌದಾ?"

"ಹೌದಪ್ಪ."

ನಾನು ಇಲ್ಲ ಅನ್ನುತ್ತೇನೆ ಅಂತ ಅವನು ಅಂದುಕೊಂಡಿದ್ದನೇನೋ. ಟೊಪ್ಪಿಗೆ ಸರಿಮಾಡಿಕೊಂಡ. "ಯಾಕೆ ತೂಗ್ತೀರಿ?"

"ಬೆಟ್ಟಕ್ಕೆ ಕರ್ಕೊಂಡು ಹೋಗೋಕೆ."

"ಬೆಟ್ಟಕ್ಕೆ ಕರ್ಕೊಂಡು ಹೋಗಿ?"

"ಒಂದು ರಾತ್ರಿ ಅಲ್ಲಿಟ್ಟುಕೊಂಡು ವಾಪಸ್ಸು ತರ್ತಾರೆ."

"ಎಲ್ಲರನ್ನೂನಾ?"

"ತೂಕ ಸರಿ ಇದ್ದವರನ್ನ."

ಅವನ ಕೈ ಸೀಟಿಯ ಮೇಲೆ ಹೋಯಿತು. ಅದೇ ಹೊತ್ತಿಗೆ ಸರಿಯಾಗಿ ಬೇಕರಿಯಾಕೆ ಮಗಳನ್ನು ಎಳೆದುಕೊಂಡು ಬಂದು, ಪೊಲೀಸನ್ನು ಪಕ್ಕಕ್ಕೆ ಸರಿಸಿ, ಹುಡುಗಿಯನ್ನು ಹಲಗೆಯ ಮೇಲೆ ನಿಲ್ಲಿಸಿದರು.

"ನೋಡಿ ತಾತ. ಇನ್ನೂ ಎರಡು ಕಿಲೋ ಬೇಕಾ? ಚಿಂತೆ ಇಲ್ಲ. ಹೊರಡೋ ಶನಿವಾರದೊಳಗೆ ತುಂಬಿಸಿಕೊಡ್ತೀನಿ."

ಕಾನ್‌ಸ್ಟೇಬಲ್ಲು ಪೇಪರಿನ ಕಟ್ಟಿನ ಮೇಲೆ ಕುಸಿದು ಕೂತ. "ಅಮ್ಮಾ, ಇದು ನಿಮ್ಮ ಸ್ವಂತ ಮಗುವಾ?"

"ಮತ್ತೇನು ಬಾಡಿಗೆಗೆ ತಂದಿದೀನಾ? ನೀನ್ಯಾರಪ್ಪ, ಇಷ್ಟು ಬಿಳಿಚಿಕೊಂಡಿದೀಯ? ಬೆಳಗ್ಗೆ ಏನಾದರೂ ತಿಂದೆಯೋ ಇಲ್ಲವೋ?" ಅಂದವರೇ ಸೆರಗಿನ ಮರೆಯಿಂದ ಒಂದು ಬನ್ನು ತೆಗೆದು ಅವನ ಕೈಗೆ ಕೊಟ್ಟರು.

ಬನ್ನು ತಿನ್ನುತ್ತಾ ತನಿಖೆ ನಡೆಯಿತು. ಐದರಲ್ಲಿ ಒಂದು ಪಾಲಿನ ವಿಷಯ ಕೇಳಿ ಅವನ ಹುಬ್ಬು ಕೆಳಗಿಳಿಯಿತು. ಸುತ್ತ ಒಮ್ಮೆ ನೋಡಿ, ಟೊಪ್ಪಿಗೆ ತೆಗೆದಿಟ್ಟು, "ನನ್ನಂಥೋನು ಎಷ್ಟು ಹೊರಬಹುದು ತಾತ?" ಅಂತ ತಾನೇ ಹಲಗೆ ಹತ್ತಿದ. ಆಮೇಲೆ ದಿನಾ ಒಂದು ಸಲ ಬಂದು ತೂಗಿಸಿಕೊಂಡು ಹೋಗುತ್ತಿದ್ದ. ತನಿಖೆ ಇನ್ನೂ ಬಾಕಿ ಇದೆ ಅನ್ನುತ್ತಿದ್ದ.

ಪೊಲೀಸಿನಿಂದ ಪಾರಾದೆವು, ಹೊಟ್ಟೆಯಿಂದ ಆಗಲಿಲ್ಲ. ಹೊರಡುವ ವಾರದಲ್ಲಿ ಒಂದೇ ಬೆಳಗ್ಗೆ ದಳದ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ಡಾಕ್ಟರಮ್ಮನ ಬಾಗಿಲಲ್ಲಿ ಕೂತರು. ಕಡ್ಡಿ ಮಾತ್ರ ಜೊತೆಗಿರಲಿ ಅಂತ ಹೋಗಿದ್ದಳು.

"ಏನು ತಿಂದೆ?" ಅಂದರು ಡಾಕ್ಟರಮ್ಮ ಮೊದಲನೆಯವನಿಗೆ.

"ಎಲ್ಲ."

"ಯಾಕೆ?"

"ಬೆಟ್ಟಕ್ಕೆ."

ಎರಡನೆಯವಳೂ ಬೆಟ್ಟಕ್ಕೆ ಅಂದಳು. ಮೂರನೆಯವನೂ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡು, ಎಲ್ಲರಿಗೂ ಒಂದೊಂದು ಲೋಟ ಕಹಿ ಔಷಧಿ ಕುಡಿಸಿದರು. ಎರಡು ದಿನ ಬರೀ ಗಂಜಿ ಅಂತ ಹೇಳಿದರು. ಹೆಡ್ ಮೇಡಂಗೆ ಫೋನು ಮಾಡಿದರು.

ಆ ಔಷಧಿಯ ಪ್ರತಾಪ ಏನು ಹೇಳಲಿ. ತಾಯಂದಿರು ಅಷ್ಟು ದಿನ ಕೂಡಿಹಾಕಿದ್ದೆಲ್ಲ ಒಂದೇ ಹಗಲಿಗೆ ಹರಿದುಹೋಯಿತು. ಮಕ್ಕಳು ಮೊದಲಿದ್ದ ತೂಕಕ್ಕೆ ಬಂದರು, ಕೆಲವರು ಅದಕ್ಕಿಂತ ಕೆಳಗೆ ಹೋದರು. ಆದರೆ ಚೀಲಗಳು? ಅವನ್ನು ಉಬ್ಬಿದ ಮಕ್ಕಳ ಲೆಕ್ಕಕ್ಕೆ ತುಂಬಿ ಬಿಗಿದು ಇಟ್ಟಾಗಿತ್ತು.

ಶನಿವಾರ ಬೆಳಗ್ಗೆ ವ್ಯಾನು ಬಂದು ಅಂಗಡಿ ಮುಂದೆ ನಿಂತಿತು. ಹೆಡ್ ಮೇಡಂ ಕುರ್ಚಿ ಹಾಕಿಸಿಕೊಂಡು ತಕ್ಕಡಿ ಪಕ್ಕದಲ್ಲೇ ಕೂತರು.

"ಕ್ಯಾಪ್ಟನ್, ಕಾನೂನು ನಿಮ್ಮದೇ. ಒಂದು ಬ್ಯಾಗು ಹೆಚ್ಚಿದ್ದರೂ ವ್ಯಾನು ಕದಲಲ್ಲ. ಸೋಮವಾರ ಡ್ರಮ್ಮು ಬರುತ್ತೆ."

ಮೊದಲ ಚೀಲ ಇಟ್ಟೆ. ಹೆಚ್ಚು. ಎರಡನೆಯದು, ಅದೂ ಹೆಚ್ಚು. ಫ್ಯಾನಿನ ಚೀಲಕ್ಕೆ ಮುಳ್ಳು ಸುತ್ತು ಹಾಕಿ ಬಂತು. ಅಳಿಯನ ಮುಖ ಪೇಪರಿನ ಹಾಗಾಯಿತು.

"ಏನಾದರೂ ತೆಗೀರಮ್ಮ," ಅಂತ ಕೈ ಮುಗಿದ. "ಫ್ಯಾನು ತೆಗೀರಿ."

"ಗಾಳಿ?" ಅಂದರು ಬೇಕರಿಯಾಕೆ.

"ಬೆಟ್ಟದ ಮೇಲೆ ಗಾಳಿ ಇರುತ್ತಮ್ಮ!"

"ನೀವು ಬರೆದುಕೊಡ್ತೀರಾ?"

ವ್ಯಾನಿನವನು ಹಾರನ್ನು ಹೊಡೆದ. ಫ್ಯಾನು ಇಸ್ತ್ರಿಪೆಟ್ಟಿಗೆಗಳನ್ನು ನಾನೇ ಸದ್ದಿಲ್ಲದೆ ಎತ್ತಿ ಒಳಗಿಟ್ಟೆ; ನನ್ನ ಅಂಗಡಿಯೊಳಗೆ ಹೋದ ಕಬ್ಬಿಣ ಯಾರಿಗೂ ಸುಲಭಕ್ಕೆ ಕಾಣುವುದಿಲ್ಲ. ಆದರೂ ಚೀಲಗಳು ಇಳಿಯಲಿಲ್ಲ. ಮಿಕ್ಕಿದ್ದೆಲ್ಲ ತಿಂಡಿ. ತಿಂಡಿಯ ಮೇಲೆ ಕೈ ಇಟ್ಟರೆ ತಾಯಂದಿರು ಕೈ ಕಡಿಯುತ್ತಿದ್ದರು.

ಆಗ ಕಡ್ಡಿ ಹೋಗಿ ಫುಟ್‌ಪಾತಿನ ಮೇಲೆ ಕೂತು, ತನ್ನ ಚೀಲ ಬಿಚ್ಚಿ, ಬನ್ನು ತೆಗೆದು ತಿನ್ನತೊಡಗಿದಳು.

"ಏಯ್, ಏನೇ ಮಾಡ್ತಿದೀಯ?" ಅಂತ ಕೂಗಿದಳು ಅವಳಮ್ಮ.

"ಬ್ಯಾಗಲ್ಲಿ ಇರೋದನ್ನ ನನ್ನೊಳಗೆ ಹಾಕ್ಕೊತಿದೀನಿ. ಬ್ಯಾಗು ಇಳಿಯುತ್ತೆ, ನಾನು ಏರ್ತೀನಿ. ಎರಡು ಕಡೆಯಿಂದಲೂ ಲಾಭ."

ನಮ್ಮಳಿಯ ಆಕಾಶ ನೋಡಿದ. ಬೆರಳು ಮಡಿಚಿದ. "ಲೆಕ್ಕದ ಪ್ರಕಾರ ಸರಿ!" ಅಂತ ಕಿರುಚಿದ.

ಎರಡು ದಿನ ಗಂಜಿ ಕುಡಿದ ಮಕ್ಕಳು. ಇನ್ನೊಂದು ಸಲ ಹೇಳಬೇಕಾಗಲಿಲ್ಲ. ಸಾಲಾಗಿ ಕೂತರು, ಬಿಚ್ಚಿದರು, ತಿಂದರು. ಒಬ್ಬರಿಂದ ಆಗದ್ದಕ್ಕೆ ಪಕ್ಕದವರು ಕೈ ಹಾಕಿದರು. ವ್ಯಾನಿನವನು ಇಳಿದು ಬಂದ. ತೂಗಿಸಿಕೊಳ್ಳಲು ಬಂದಿದ್ದ ಕಾನ್‌ಸ್ಟೇಬಲ್ಲು ಮೊಟ್ಟೆ ಸುಲಿದ. ಎದುರು ಮಹಡಿಯ ಗುಮಾಸ್ತರು ಕಿಟಕಿಯಿಂದ ಎದ್ದು, ಮೊದಲ ಸಲ ಮೆಟ್ಟಿಲಿಳಿದು ಬಂದು, "ದೂರು ಕೊಟ್ಟವನು ನಾನೇ," ಅಂತ ಹೇಳಿಕೊಂಡು ಒಂದು ಬಾಳೆಹಣ್ಣು ತಗೊಂಡರು. ಹೆಡ್ ಮೇಡಂ ಮುಂದೆ ಜಾಮು ಹಚ್ಚಿದ ಬ್ರೆಡ್ಡು ಹಿಡಿದಾಗ ಅವರು ಬೇಡ ಅಂದರು. ಎರಡನೇ ಸಲ ಹಿಡಿದಾಗ ಕೈ ಚಾಚಿದರು.

ಮತ್ತೆ ತೂಗಿದೆ. ಎಂಟಕ್ಕೆ ಎಂಟೂ ಚೀಲ ಸರಿ. ಬೀದಿಯೆಲ್ಲ ಚಪ್ಪಾಳೆ.

"ಇನ್ನೊಂದು ಉಳಿದಿದೆ," ಅಂದರು ಹೆಡ್ ಮೇಡಂ. "ಕ್ಯಾಪ್ಟನ್ನರದ್ದು."

ಅವನ ಚೀಲದಲ್ಲಿ ಟೆಂಟು, ಹಗ್ಗ, ಪಾತ್ರೆ, ಲಾಟೀನು, ಮುಲಾಮು, ಬ್ಯಾಂಡೇಜು, ಯಾರೂ ಹೊರದೆ ಬಿಟ್ಟದ್ದೆಲ್ಲ ಇತ್ತು. ಅವನೋ, ಓಡಾಡಿ ಓಡಾಡಿ ಅರ್ಧ ಆಗಿದ್ದ. ಹಲಗೆಯ ಮೇಲೆ ಹತ್ತಿಸಿ ನೋಡಿದೆ. ನಾನು ತೂಕ ಹೇಳಬೇಕಾಗಿರಲಿಲ್ಲ, ಎಲ್ಲರಿಗೂ ಮುಳ್ಳು ಕಾಣುತ್ತಿತ್ತು. ಬಹಳ ಹೆಚ್ಚು.

ಚಪ್ಪಾಳೆ ನಿಂತಿತು. ಅವನು ಹಲಗೆಯಿಂದ ಮೆಲ್ಲಗೆ ಇಳಿದ.

"ಕಾನೂನು ಕಾನೂನೇ ಮೇಡಂ. ಮಕ್ಕಳು ಹೋಗಲಿ, ದಳ ಉಳಿಯಲಿ. ಹೇಗೂ ಒಂದು ಮಾತು ಹೇಳಬೇಕಿತ್ತು. ನಾನು ಯಾವ ಬೆಟ್ಟಾನೂ ಹತ್ತಿದೋನಲ್ಲ. ಅದು ಲಿಫ್ಟು."

ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಹೆಡ್ ಮೇಡಂ ಬೆರಳಿಗೆ ಅಂಟಿದ ಜಾಮು ಒರೆಸಿಕೊಂಡರು.

"ಗೊತ್ತು. ಶಾಲೆಗೆ ಪರದೆ, ಸೀಮೆಸುಣ್ಣ ಎಲ್ಲ ನಾನು ಆ ಅಂಗಡೀಲೇ ತಗೊಳ್ಳೋದು. ಹದಿನಾರು ವರ್ಷದಿಂದ ನನ್ನ ಮೇಲಕ್ಕೆ ಕರ್ಕೊಂಡು ಹೋಗ್ತಿರೋರು ನೀವೇ. ತಲೆ ಎತ್ತಿ ಒಂದು ದಿನಾನೂ ನೀವು ಯಾರ ಮುಖಾನೂ ನೋಡಿಲ್ಲ, ಅದಕ್ಕೆ ನನ್ನ ಗುರುತು ಸಿಗಲಿಲ್ಲ. ಒಂದು ಸಲಾನೂ ತಪ್ಪು ಮಹಡೀಲಿ ಇಳಿಸಿಲ್ಲ ಅಂತ ನಾನು ಒಪ್ಪಿಕೊಂಡಿದ್ದು. ದಾರಿ ತೋರಿಸೋಕೆ ಬೆಟ್ಟದ ಬುಡದಲ್ಲಿ ಅರಣ್ಯದೋರು ಕಾಯ್ತಿದಾರೆ, ಅವರಿಗೆ ನಾನೇ ಹೇಳಿದೀನಿ. ಆದರೆ ತೂಕ ತೂಕವೇ. ಟೆಂಟು ಯಾರು ಹೊರ್ತಾರೆ?"

ಅಳಿಯ ಟೆಂಟನ್ನೇ ನೋಡುತ್ತಿದ್ದ, ಅದನ್ನು ನೆಲಕ್ಕೆ ಇಡಲು ಮನಸ್ಸಿಲ್ಲದೆ ಎತ್ತಿಕೊಂಡೇ ನಿಂತಿದ್ದ.

"ತಿಂಡಿಯೆಲ್ಲ ಇಲ್ಲೇ ಮುಗೀತು," ಅಂದರು ಬೇಕರಿಯಾಕೆ, ಆಗತಾನೇ ಹೊಳೆದವರ ಹಾಗೆ. "ರಾತ್ರಿಗೆ ಈ ಮಕ್ಕಳು ಏನು ತಿಂತಾರೆ? ಪಕ್ಕಕ್ಕೆ ಸರೀರಪ್ಪ ಎಲ್ಲ."

ಅಂದವರೇ ಸೆರಗು ಸೊಂಟಕ್ಕೆ ಸಿಗಿಸಿ ಹಲಗೆ ಹತ್ತಿದರು. ನನ್ನ ತಕ್ಕಡಿ ಎಂಜಿನ್ನು, ಬಾಗಿಲು, ಬಾಯ್ಲರು ಎಲ್ಲ ಹೊತ್ತಿದೆ, ಆದರೂ ಒಮ್ಮೆ ನರಳಿತು. ಮುಳ್ಳು ಹೋಗಿ ಹೋಗಿ ನಿಂತಿತು. ಐದು ಪಾಲು ಮಾಡಿ ಒಂದು ಪಾಲು ಹೇಳಿದೆ. ಟೆಂಟು ಇಟ್ಟರು, ಹಗ್ಗ ಇಟ್ಟರು, ಪಾತ್ರೆ ಇಟ್ಟರು, ಬೇಕರಿಯಿಂದ ಒಂದು ಮಂಕರಿ ಬ್ರೆಡ್ಡು ತರಿಸಿ ಇಟ್ಟರು. ಇನ್ನೂ ಜಾಗ ಉಳಿದಿತ್ತು.

"ಹಾಗಾದರೆ ಫ್ಯಾನು..." ಅಂದರು.

"ಬೇಡ!" ಅಂದಿತು ಇಡೀ ಬೀದಿ.

ಅಳಿಯನ ಬೆನ್ನಿಗೆ ಉಳಿದದ್ದು ಒಂದು ಕಂಬಳಿ, ಒಂದು ಲಾಟೀನು. ಮತ್ತೆ ತೂಗಿದೆ. "ಸರಿಯಾಗಿದೆ, ಹೊರಡಿ," ಅಂದೆ. ಅವನು ನನ್ನ ಕಾಲಿಗೆ ಬೀಳಲು ಬಗ್ಗಿದ, ಲಾಟೀನು ಅಡ್ಡ ಬಂತು, ಅಷ್ಟಕ್ಕೇ ಬಿಟ್ಟ.

ಆ ಶನಿವಾರ ನಮ್ಮ ಬೀದಿಯಿಂದ ಹೋದವರು ಇಷ್ಟು ಜನ. ಕೈ ಬಾಯಿಯೆಲ್ಲ ಜಾಮು ಮಾಡಿಕೊಂಡ ಎಂಟು ಮಕ್ಕಳು. ಬೆನ್ನ ಮೇಲೆ ಟೆಂಟು ಹೊತ್ತ ಬೇಕರಿಯಾಕೆ. ತನಿಖೆ ಇನ್ನೂ ಮುಗಿದಿಲ್ಲ ಅಂತ ಕೂಗುತ್ತಾ, ತಿರುವಿನ ತನಕ ಓಡಿ ಹೋಗಿ ವ್ಯಾನು ಹತ್ತಿದ ಕಾನ್‌ಸ್ಟೇಬಲ್ಲು. ಮತ್ತೆ ನಮ್ಮಳಿಯ. ಅವನು ಹಿಂದಿನ ಸೀಟಿನಲ್ಲಿ ಕಡ್ಡಿಯ ಪಕ್ಕ ಕೂತಿದ್ದ. ನಾನು ಕೈ ಬೀಸಿದೆ. ಅವನು ನೋಡಲಿಲ್ಲ, ಊರಾಚೆಯ ಮಂಜಿನ ಮೇಲೆ ಬೆಟ್ಟದ ತುದಿ ಆಗಲೇ ಕಾಣುತ್ತಿತ್ತು.